ಒಲವಿನ ಕಾರಣ: ರೇಣುಕೆ, ಅಮೃತಮತಿ, ಸಂಗ್ಯಾ-ಬಾಳ್ಯಾ

೧

ಒಬ್ಬರು ಮತ್ತೊಬ್ಬರಿಗೆ ಏಕೆ ಒಲಿಯುತ್ತಾರೆ ಎಂಬ ಪ್ರಶ್ನೆಗೆ ನಮ್ಮ ಕಾವ್ಯಗಳು ನೇರವಾಗಿ ಉತ್ತರ ಕೊಡುವುದು ವಿರಳ. ಒಲಿದವರ ಸಂತೋಷವನ್ನೂ ಅಗಲಿದವರ ಸಂಕಟವನ್ನೂ ಕವಿಗಳು ವಿಸ್ತಾರವಾಗಿ ವರ್ಣಿಸಿದ್ದಾರೆ. ಒಲವು ಮೊಳೆತ ಗಳಿಗೆಯ ಕಾರಣವನ್ನು ಮಾತ್ರ ಓದುಗನ ಊಹೆಗೆ ಬಿಟ್ಟಿದ್ದಾರೆ. ಓದುಗನು ಆ ತೆರವನ್ನು ತನ್ನ ಕಾಲದ, ತನ್ನ ಸಮಾಜದ ನಂಬಿಕೆಗಳಿಂದ ತುಂಬಿಕೊಳ್ಳುತ್ತಾನೆ. ಹಾಗೆ ತುಂಬಿದ ಕಾರಣವು ಕ್ರಮೇಣ ಕೃತಿಯದೇ ಎಂಬಂತೆ ರೂಢಿಯಾಗಿಬಿಡುತ್ತದೆ. ರೇಣುಕೆ ಚಂಚಲೆ, ಅಮೃತಮತಿ ಜಾರೆ, ಬಾಳ್ಯಾ ಮಿತ್ರದ್ರೋಹಿ ಎಂದು ತರಗತಿಗಳಲ್ಲಿ ಒಂದೊಂದು ಮಾತಿನಲ್ಲಿ ಮುಗಿಸಿಬಿಡುವ ವಾಡಿಕೆ ಇಂಥದು. ಇವು ತೀರ್ಪುಗಳೇ ಹೊರತು ವಿವರಣೆಗಳಲ್ಲ. ಈ ಮೂರು ಕಥೆಗಳನ್ನು ತೀರ್ಪಿನ ಕಡೆಯಿಂದಲ್ಲದೆ ಕಾರಣದ ಕಡೆಯಿಂದ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಒಲವಿನ ಕಾರಣವನ್ನು ಕುರಿತು ಸಾಮಾನ್ಯವಾಗಿ ಮೂರು ಬಗೆಯ ಉತ್ತರಗಳು ಬಳಕೆಯಲ್ಲಿವೆ. ಮೊದಲನೆಯದು ಗುಣವಾದ. ನಮ್ಮ ಲಾಕ್ಷಣಿಕರು ನಾಯಕನಿಗೆ ವಿನಯ, ಮಾಧುರ್ಯ, ತ್ಯಾಗ, ದಕ್ಷತೆ ಮೊದಲಾದ ಗುಣಗಳನ್ನು ವಿಧಿಸಿದರು. ಧನಂಜಯನ 'ದಶರೂಪಕ'ದಲ್ಲಿ ಇವುಗಳ ದೀರ್ಘವಾದ ಪಟ್ಟಿಯೇ ಇದೆ. ಗುಣವಿದ್ದಲ್ಲಿ ಒಲವು ಹುಟ್ಟುವುದು ಸಹಜವೆಂಬುದು ಅಲ್ಲಿಯ ಗ್ರಹಿಕೆ. ಎರಡನೆಯದು ದೈವವಾದ. ಕಾಳಿದಾಸನು ಜನ್ಮಾಂತರದ ನೆನಪನ್ನೂ ಭವಭೂತಿಯು ಹೊರಗಣ ಉಪಾಧಿಗಳನ್ನು ಆಶ್ರಯಿಸದ ಒಂದು ಒಳಗಣ ಕಾರಣವನ್ನೂ ಸೂಚಿಸುತ್ತಾರೆ. ನಮ್ಮ ಜನ ಇದನ್ನೇ ಋಣಾನುಬಂಧವೆನ್ನುತ್ತಾರೆ. ಮೂರನೆಯದು ಆಧುನಿಕ ಮನಶ್ಶಾಸ್ತ್ರದ ಸಾಮೀಪ್ಯವಾದ. ಲಿಯೋನ್ ಫೆಸ್ಟಿಂಗರ್ ಮತ್ತು ಅವನ ಇಬ್ಬರು ಸಹೋದ್ಯೋಗಿಗಳು ಅಮೆರಿಕೆಯ ಒಂದು ವಿದ್ಯಾರ್ಥಿ ವಸತಿಯನ್ನು ಪರಿಶೀಲಿಸಿ ೧೯೫೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಯಾರ ಬಾಗಿಲು ಯಾರ ಬಾಗಿಲಿಗೆ ಹತ್ತಿರವಾಗಿತ್ತೆಂಬುದು ಸ್ನೇಹವನ್ನು ಬಹುಮಟ್ಟಿಗೆ ನಿರ್ಧರಿಸಿತೆಂದು ತೋರಿಸಿದರು. ರಾಬರ್ಟ್ ಝಾಯೊನ್ಸ್ ೧೯೬೮ರಲ್ಲಿ, ಒಂದು ವಸ್ತುವನ್ನು ಮತ್ತೆಮತ್ತೆ ಕಾಣುವುದರಿಂದಲೇ ಅದರಲ್ಲಿ ಅಭಿರುಚಿ ಬೆಳೆಯುವುದೆಂದು ಪ್ರತಿಪಾದಿಸಿದನು. ಡಾನ್ ಬರ್ನ್ ಎಂಬವನ ಪ್ರಯೋಗಗಳು ಅಭಿಪ್ರಾಯಸಾಮ್ಯದ ಕಡೆಗೆ ಬೆರಳು ಮಾಡಿದವು. ಸಮಾನಶೀಲರಲ್ಲಿಯೇ ಸಖ್ಯವೆಂಬ ನಮ್ಮ ಸುಭಾಷಿತಕಾರರ ಅಭಿಪ್ರಾಯಕ್ಕೆ ಇದು ದೂರದ್ದೇನಲ್ಲ.

ಗುಣ, ದೈವ, ಸಾಮೀಪ್ಯ ಈ ಮೂರೂ ನಿರರ್ಥಕವಲ್ಲ. ಆದರೆ ನಮ್ಮ ಕಥೆಗಳು ಇವಕ್ಕಿಂತ ಬೇರೆಯಾದ ಮತ್ತೊಂದು ಉತ್ತರವನ್ನು ಹೇಳುತ್ತಿವೆ. ಒಲವು ಒಲಿಸಿಕೊಂಡವರ ಗುಣಕ್ಕಿಂತ ಒಲಿದವರ ಬಾಳಿನ ಕೊರತೆಯನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುತ್ತದೆ ಎಂಬುದು ಆ ಉತ್ತರ. ಇದನ್ನು ಪರೀಕ್ಷಿಸಲು ಎರಡು ಕಥೆಗಳನ್ನು ಬೆಳಗಾವಿ ಸೀಮೆಯಿಂದಲೇ ಆರಿಸಿಕೊಂಡಿದೆ: ಒಂದು ಉಗರಗೋಳದ ಗುಡ್ಡದ ಯಲ್ಲಮ್ಮನದು, ಇನ್ನೊಂದು ಬೈಲಹೊಂಗಲದ ಸಂಗ್ಯಾ-ಬಾಳ್ಯಾರದು. ಇವೆರಡರ ನಡುವೆ ಜನ್ನನ ಅಮೃತಮತಿಯನ್ನು ಇರಿಸಿಕೊಳ್ಳಲಾಗಿದೆ. ಏಕೆಂದರೆ ಒಲವಿನ ಕಾರಣವನ್ನು ಕುರಿತು ಪಾತ್ರವೇ ಬಾಯ್ದೆರೆದು ವಾದಿಸುವ ಸಂದರ್ಭವು ಅಲ್ಲಿದೆ.

೨

ಸವದತ್ತಿಯು ಒಂದು ಕಾಲಕ್ಕೆ ಸುಗಂಧವರ್ತಿಯೆಂಬ ಹೆಸರಿನಿಂದ ರಟ್ಟರ ರಾಜಧಾನಿಯಾಗಿದ್ದ ಊರು. ಅದರ ಸಮೀಪದಲ್ಲಿ, ಉಗರಗೋಳದ ಎಲ್ಲೆಯೊಳಗೆ, ಯಲ್ಲಮ್ಮನ ಗುಡ್ಡವಿದೆ. ಕರ್ನಾಟಕ, ಮಹಾರಾಷ್ಟ್ರ, ಆಂಧ್ರಗಳಿಂದ ಬರುವ ಭಕ್ತರು ಜೋಗುಳಭಾವಿಯಲ್ಲಿ ಮಿಂದು 'ಉಧೋ ಉಧೋ' ಎನ್ನುತ್ತ ಗುಡ್ಡವನ್ನೇರುತ್ತಾರೆ. ಚೌಡಿಕೆಯ ನಾದದೊಡನೆ ಅಲ್ಲಿ ಕೇಳಿಬರುವ ಕಥೆ ರೇಣುಕೆಯದು.

ಕಥೆಯ ಸ್ಥೂಲರೂಪ ಎಲ್ಲರಿಗೂ ತಿಳಿದದ್ದೇ. ಜಮದಗ್ನಿಯ ಪತ್ನಿ ರೇಣುಕೆ ಪ್ರತಿದಿನವೂ ಹೊಳೆಗೆ ಹೋಗಿ, ಮರಳಿನಿಂದ ಕೊಡ ಮಾಡಿ, ಹಾವನ್ನು ಸಿಂಬೆಯಾಗಿ ಸುತ್ತಿ ತಲೆಯ ಮೇಲಿರಿಸಿಕೊಂಡು, ಪತಿಯ ಪೂಜೆಗೆ ನೀರು ತರುತ್ತಿದ್ದಳು. ಈ ಸೀಮೆಯವರ ಪಾಲಿಗೆ ಆ ಹೊಳೆ ಮಲಪ್ರಭೆ. ಒಂದು ದಿನ ನೀರಿನಲ್ಲಿ ಕ್ರೀಡಿಸುತ್ತಿದ್ದವರನ್ನು ಕಂಡು ಅವಳ ಮನಸ್ಸು ಅತ್ತ ಹರಿಯಿತು. ಮರಳು ಕೊಡವಾಗಲಿಲ್ಲ, ಹಾವು ಸಿಂಬೆಯಾಗಲಿಲ್ಲ. ಜಮದಗ್ನಿ ಶಪಿಸಿದನು. ರೋಗದಿಂದ ಕುರೂಪಿಯಾದ ಅವಳನ್ನು ಎಕ್ಕಯ್ಯ ಜೋಗಯ್ಯರು ಗುಣಪಡಿಸಿದರು. ಮರಳಿ ಬಂದವಳ ಶಿರವನ್ನು ಪರಶುರಾಮನು ತಂದೆಯ ಆಜ್ಞೆಯಂತೆ ಕಡಿದನು. ಅನಂತರ ವರವಾಗಿ ತಾಯಿಯ ಜೀವವನ್ನು ಬೇಡಿ ಪಡೆದನು.

ರೇಣುಕೆ ಕಂಡದ್ದು ಏನನ್ನು ಎಂಬುದು ಇಲ್ಲಿ ವಿಚಾರಣೀಯ. ಒಬ್ಬ ಸುಂದರ ಪುರುಷನನ್ನು ಎಂಬುದು ರೂಢಿಯ ಉತ್ತರ. ಆದರೆ ಪ್ರಸಿದ್ಧವಾದ ಪಾಠಗಳಲ್ಲಿ ಅವಳು ಕಂಡ ಪುರುಷ ಒಂಟಿಯಾಗಿಲ್ಲ. ಮಹಾಭಾರತದ ವನಪರ್ವದಲ್ಲಿ ಅವನು ಚಿತ್ರರಥನೆಂಬ ರಾಜ. ಕಮಲಮಾಲೆಯನ್ನು ಧರಿಸಿ, ಸಂಪನ್ನನಾಗಿ, ತನ್ನ ಪತ್ನಿಯೊಡನೆ ಜಲಕ್ರೀಡೆಯಲ್ಲಿದ್ದಾನೆ. ಭಾಗವತದಲ್ಲಿ ಅವನು ಗಂಧರ್ವರಾಜ, ಅಪ್ಸರೆಯರೊಡನೆ ಇದ್ದಾನೆ. ಜನಪದರ ಕಥೆಯಲ್ಲಿಯೂ ಹೊಳೆಯಲ್ಲಿರುವುದು ಜೊತೆಗೂಡಿದವರ ಆಟವೇ. ಹೆಣ್ಣುಗಂಡುಗಳು ಸರಿಸಮಾನವಾಗಿ, ಹೊತ್ತಿನ ಹಂಗಿಲ್ಲದೆ ನಲಿಯುವ ಒಂದು ಚಿತ್ರವು ಅವಳ ಕಣ್ಣಿಗೆ ಬಿದ್ದಿದೆ. ಅವಳ ಮನಸ್ಸನ್ನು ಸೆಳೆದದ್ದು ವ್ಯಕ್ತಿಯೆನ್ನುವುದಕ್ಕಿಂತ ಒಂದು ಸಂಬಂಧವೆನ್ನುವುದು ಹೆಚ್ಚು ಯುಕ್ತ.

ಇದಕ್ಕೆ ಪೋಷಕವಾದ ಇನ್ನೊಂದು ಅಂಶವುಂಟು. ಮಹಾಭಾರತದ ಪ್ರಕಾರ ರೇಣುಕೆ ಪ್ರಸೇನಜಿತನೆಂಬ ಅರಸನ ಮಗಳು. ಅರಮನೆಯಿಂದ ಆಶ್ರಮಕ್ಕೆ ಬಂದವಳು. ಐವರು ಮಕ್ಕಳ ತಾಯಿ. ಅವಳ ದಿನಚರಿಯು ನೇಮದ ನೀರು ತರುವುದರಿಂದ ಆರಂಭವಾಗುತ್ತದೆ. ಮರಳಿನ ಕೊಡವು ಅವಳ ಪಾತಿವ್ರತ್ಯದ ಮಹಿಮೆಯೆಂದು ಕಥೆ ಹೇಳುತ್ತದೆ. ಅದೇ ಕೊಡವು ಅವಳ ಬಾಳಿನ ಬಿಗಿಯನ್ನೂ ಹೇಳುತ್ತಿದೆ. ಮನಸ್ಸಿನ ಒಂದು ಕ್ಷಣದ ಸಡಿಲಿಕೆಯನ್ನೂ ಸಹಿಸದ ಬಾಳು ಅದು. ಮಣ್ಣಿನ ಕೊಡವನ್ನು ಹೊತ್ತವಳು ಹೊಳೆಯ ಆಟವನ್ನು ನೋಡಿ, ನಿಟ್ಟುಸಿರಿಟ್ಟು ಮನೆಗೆ ಬರಬಹುದಾಗಿತ್ತು. ಅವಳ ಮನಸ್ಸನ್ನು ಯಾರೂ ಅರಿಯುತ್ತಿರಲಿಲ್ಲ. ಮರಳ ಕೊಡವನ್ನು ಹೊರಬೇಕಾದವಳಿಗೆ ಅಷ್ಟು ಏಕಾಂತವೂ ಇಲ್ಲ. ಗಂಧರ್ವನ ರೂಪಗುಣಗಳನ್ನು ಕುರಿತು ಕಥೆ ಹೆಚ್ಚೇನನ್ನೂ ಹೇಳದಿರುವುದು ಆಕಸ್ಮಿಕವಲ್ಲ. ಹೇಳಬೇಕಾದದ್ದೆಲ್ಲ ಕೊಡದಲ್ಲಿಯೇ ಇದೆ.

ಕಥೆಯು ಹೀಗೆ ಅವಳನ್ನು ಶಿಕ್ಷಿಸಿದರೆ, ಗುಡ್ಡದ ಆಚರಣೆಯು ಬೇರೊಂದನ್ನು ನೆನೆಯುತ್ತದೆ. ಹೊಸ್ತಿಲ ಹುಣ್ಣಿಮೆಯಂದು ದೇವಿಯ ವೈಧವ್ಯ, ಭಾರತ ಹುಣ್ಣಿಮೆಯಂದು ಅವಳ ಮುತ್ತೈದೆತನ. ಹೆಂಗಸರು ಅಂದು ಬಳೆ ತೆಗೆದು ಇಂದು ಬಳೆ ಇಟ್ಟುಕೊಳ್ಳುತ್ತಾರೆ. ವರ್ಷದ ಈ ದೊಡ್ಡ ಹುಣ್ಣಿಮೆಗಳಲ್ಲಿ ಸ್ಮರಣೆಗೆ ಬರುವುದು ಅವಳ ನೋಟದ ತಪ್ಪಲ್ಲ. ಕಾರ್ತವೀರ್ಯನಿಂದ ಪತಿಯನ್ನು ಕಳೆದುಕೊಂಡ ದುಃಖ ಮತ್ತು ಅವನನ್ನು ಮರಳಿ ಪಡೆದ ಸಂತೋಷ. ಪುರಾಣವು ದಂಡಿಸಿದವಳನ್ನು ಜನ ತಾಯಿಯೆಂದು ಕರೆದರು.

ಆದರೆ ಇದೇ ಗುಡ್ಡದ ಇನ್ನೊಂದು ಇತಿಹಾಸವನ್ನು ಮರೆಯುವಂತಿಲ್ಲ. ಈ ದೇವಿಯ ಹೆಸರಿನಲ್ಲಿ ಎಷ್ಟೋ ಹುಡುಗಿಯರಿಗೆ ಎಳೆತನದಲ್ಲಿಯೇ ಮುತ್ತು ಕಟ್ಟಿದರು. ಮುಂಬಯಿ ಪ್ರಾಂತದ ೧೯೩೪ರ ಶಾಸನವೂ ಕರ್ನಾಟಕದ ೧೯೮೨ರ ಶಾಸನವೂ ಇದನ್ನು ನಿಷೇಧಿಸಬೇಕಾಯಿತು. ಮುತ್ತು ಕಟ್ಟಿಸಿಕೊಂಡವಳಿಗೆ ಮದುವೆಯಿಲ್ಲ. ಯಾರಿಗೆ ಒಲಿಯಬೇಕೆಂಬ ಆಯ್ಕೆ ಅವಳದಲ್ಲ. ಆದರೂ ಚಾಂಚಲ್ಯದ ಅಪವಾದ ಅವಳಿಗೇ. ರೇಣುಕೆಯ ಕಥೆಯನ್ನು ಚಂಚಲೆಯ ಕಥೆಯೆಂದು ಬೋಧಿಸುವವರು ಈ ಅಪವಾದಕ್ಕೆ ತಿಳಿಯದೆಯೇ ಬಲ ಕೊಡುತ್ತಾರೆ. ವಿಮರ್ಶೆಯ ಒಂದು ಪದವು ಪುಸ್ತಕದ ಹೊರಗೂ ಕೆಲಸ ಮಾಡುತ್ತದೆಂಬುದಕ್ಕೆ ಇದೊಂದು ನಿದರ್ಶನ.

೩

ರೇಣುಕೆಯದು ಕಣ್ಣಿನ ಕಥೆಯಾದರೆ ಅಮೃತಮತಿಯದು ಕಿವಿಯ ಕಥೆ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನನು ೧೨೦೯ರಲ್ಲಿ ರಚಿಸಿದ 'ಯಶೋಧರ ಚರಿತೆ'ಯಲ್ಲಿ, ಉಜ್ಜಯಿನಿಯ ಅರಸ ಯಶೋಧರನ ರಾಣಿಯಾದ ಅಮೃತಮತಿಯು ಬೆಳಗಿನ ಜಾವದಲ್ಲಿ ಆನೆಯ ಲಾಯದಿಂದ ಬಂದ ಹಾಡನ್ನು ಕೇಳಿ ಮನಸೋಲುತ್ತಾಳೆ. ಹಾಡಿದವನನ್ನು ನೋಡಿಬರಲು ಗೆಳತಿಯನ್ನು ಕಳುಹಿಸುತ್ತಾಳೆ. ಗೆಳತಿ ಕಂಡದ್ದು ಅಷ್ಟಾವಂಕನೆಂಬ ಮಾವುತನನ್ನು. ಅವನ ಅಂಗಾಂಗಗಳ ವಿಕಾರವನ್ನು ಅವಳು ಅಸಹ್ಯದಿಂದ ವರ್ಣಿಸುತ್ತಾಳೆ.

ಗುಣವಾದಕ್ಕೆ ಇದಕ್ಕಿಂತ ಕಠಿನವಾದ ಪರೀಕ್ಷೆ ಬೇರೊಂದಿಲ್ಲ. ಲಾಕ್ಷಣಿಕರ ಪಟ್ಟಿಯಲ್ಲಿಯ ಗುಣಗಳೆಲ್ಲ ಯಶೋಧರನಲ್ಲಿವೆ. ರೂಪವಿದೆ, ಕುಲವಿದೆ, ಐಶ್ವರ್ಯವಿದೆ, ಪ್ರೀತಿಯೂ ಇದೆ. ಮಾವುತನಲ್ಲಿ ಇರುವುದು ಒಂದು ಕಂಠ ಮಾತ್ರ. ಗೆಳತಿಯ ಮಾತಿಗೆ ರಾಣಿ ಕೊಡುವ ಉತ್ತರವು ಕನ್ನಡ ಕಾವ್ಯದ ಧೀರವಾದ ವಾದಗಳಲ್ಲಿ ಒಂದು. ಒಲವು ಉಂಟಾದ ಮೇಲೆ ರೂಪವನ್ನು ವಿಚಾರಿಸುವುದು, ಕಾರ್ಯ ಕೈಗೂಡಿದ ಮೇಲೆ ಕಾರಣವನ್ನು ಅರಸಿದಂತೆ ನಿಷ್ಪ್ರಯೋಜಕ ಎಂಬುದು ಅದರ ತಾತ್ಪರ್ಯ. ತರ್ಕದ ಪರಿಭಾಷೆಯನ್ನೇ ಬಳಸಿ ಅವಳು ತರ್ಕದ ಬಾಗಿಲನ್ನು ಮುಚ್ಚುತ್ತಾಳೆ. ಗುಣದಿಂದ ಒಲವಲ್ಲ, ಒಲವಿನಿಂದ ಗುಣ ಎಂಬಷ್ಟರ ಮಟ್ಟಿಗೆ ಅವಳ ವಾದ ಸತ್ಯವೇ.

ಆದರೆ ಪಾತ್ರವು ವಿಚಾರಿಸಲೊಲ್ಲದ ಕಾರಣವನ್ನು ವಿಮರ್ಶಕನು ವಿಚಾರಿಸಬೇಕಾಗುತ್ತದೆ. ಅರಮನೆಯ ಪ್ರೀತಿಯೆಲ್ಲ ಅಮೃತಮತಿಗೆ ಪದವಿಯೊಡನೆ ಬಂದದ್ದು. ಅವಳು ಅದನ್ನು ಅರಸಲಿಲ್ಲ, ಅದಕ್ಕಾಗಿ ಏನನ್ನೂ ತೆರಲಿಲ್ಲ. ನಸುಕಿನ ಹಾಡು ಅವಳನ್ನು ಕುರಿತು ಹಾಡಿದ್ದಲ್ಲ. ಅವಳ ಪದವಿಯನ್ನು ಅರಿತು ಹಾಡಿದ್ದಲ್ಲ. ಅರಮನೆಯ ಕಟ್ಟಿನೊಳಗೆ ಅವಳು ತಾನಾಗಿ ಕಂಡುಕೊಂಡ, ತಾನಾಗಿ ಆರಿಸಿಕೊಂಡ ಮೊದಲ ವಸ್ತು ಅದು. ತಡವಾಗಿ ಬಂದ ರಾಣಿಯನ್ನು ಮಾವುತನು ಹೊಡೆದಾಗ ಅವಳು ಅವನ ಕಾಲು ಹಿಡಿಯುವ ಸನ್ನಿವೇಶ ಓದುಗನನ್ನು ಕಂಗೆಡಿಸುತ್ತದೆ. ಇದನ್ನು ಕೇವಲ ವಿಕೃತಿಯೆಂದು ತಳ್ಳಿಹಾಕುವುದು ಸುಲಭ. ಎಲ್ಲರೂ ತಲೆಬಾಗುವ ಸ್ಥಾನದಲ್ಲಿರುವವಳಿಗೆ, ತನ್ನ ಬರವಿಗಾಗಿ ಕಾದು, ಬಾರದಿದ್ದರೆ ಕೆರಳುವ ಒಬ್ಬ ಮನುಷ್ಯನು ಏನಾಗಿ ಕಂಡಿರಬಹುದೆಂದು ಕೇಳುವುದು ಕಷ್ಟ. ಜನ್ನನು ಈ ಪ್ರಶ್ನೆಯನ್ನು ನಮ್ಮ ಮುಂದಿರಿಸಿ ಸುಮ್ಮನಾಗುತ್ತಾನೆ.

ಕಾರಣವನ್ನು ಕಾಣುವುದೆಂದರೆ ಕೃತ್ಯವನ್ನು ಕ್ಷಮಿಸುವುದೇ ಎಂದು ಆಕ್ಷೇಪಿಸಬಹುದು. ಹಾಗಲ್ಲ. ಅಮೃತಮತಿಯು ಮುಂದೆ ಪತಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಜನ್ನನು ಅದನ್ನು ಮರೆಸುವುದಿಲ್ಲ. ಆದರೆ ಹಾಡಿಗೆ ಒಲಿದದ್ದು ಬೇರೆ, ವಿಷವಿಕ್ಕಿದ್ದು ಬೇರೆ. ಎರಡನೆಯದರ ಪಾಪವನ್ನು ಮೊದಲನೆಯದರ ಮೇಲೆ ಹೊರಿಸುವುದು ನ್ಯಾಯವಲ್ಲ. ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ'ದಲ್ಲಿ ಈ ಕಥೆಯನ್ನು ಮತ್ತೆ ಎತ್ತಿಕೊಂಡದ್ದು, ಈ ಅಂತರವು ಆಧುನಿಕರನ್ನೂ ಕಾಡುತ್ತಿದೆಯೆಂಬುದಕ್ಕೆ ಸಾಕ್ಷಿ.

೪

ಇಲ್ಲಿಯವರೆಗೆ ನೋಡಿದ್ದು ಪ್ರಣಯದ ಸೆಳೆತವನ್ನು. ಸ್ನೇಹದ ಸೆಳೆತಕ್ಕೆ ಇದೇ ಮಾತು ಅನ್ವಯಿಸುವುದೇ ಎಂಬುದನ್ನು ನೋಡಲು ಮತ್ತೆ ಬೆಳಗಾವಿ ಸೀಮೆಗೆ, ಸವದತ್ತಿಗೆ ನೆರೆಯದಾದ ಬೈಲಹೊಂಗಲಕ್ಕೆ ಬರಬೇಕು.

ಉತ್ತರ ಕರ್ನಾಟಕದ ಸಣ್ಣಾಟಗಳಲ್ಲಿ 'ಸಂಗ್ಯಾ-ಬಾಳ್ಯಾ'ದಷ್ಟು ಜನಪ್ರಿಯವಾದದ್ದು ಇನ್ನೊಂದಿಲ್ಲವೆನ್ನಬಹುದು. ದೊಡ್ಡಾಟವು ಪುರಾಣದ ವೀರರನ್ನು ರಂಗಕ್ಕೆ ತಂದರೆ, ಸಣ್ಣಾಟವು ಓಣಿಯ ಜನರನ್ನು ತಂದಿತು. ಬೈಲಹೊಂಗಲದಲ್ಲಿ ನಡೆದ ಒಂದು ನಿಜಸಂಗತಿಯೇ ಈ ಆಟಕ್ಕೆ ಮೂಲವೆಂದೂ, ಪತ್ತಾರ ಮಾಸ್ತರರು ಇದನ್ನು ಕಟ್ಟಿದರೆಂದೂ ಜನ ಹೇಳುತ್ತ ಬಂದಿದ್ದಾರೆ. ಚಂದ್ರಶೇಖರ ಕಂಬಾರರು ಇದನ್ನಾಧರಿಸಿ 'ಸಂಗ್ಯಾ ಬಾಳ್ಯಾ ಅನಬೇಕೋ ನಾಡೊಳಗ' ಎಂಬ ನಾಟಕವನ್ನು ರಚಿಸಿ, ನಗರದ ರಂಗಭೂಮಿಗೂ ಪರಿಚಯಿಸಿದರು. ಸಂಗ್ಯಾ ಸಿರಿವಂತ, ಬಾಳ್ಯಾ ಅವನ ಬಡ ಗೆಳೆಯ. ವ್ಯಾಪಾರಿ ಈರ್ಯಾನ ಹೆಂಡತಿ ಗಂಗಿಯನ್ನು ಕಂಡು ಸಂಗ್ಯಾ ಮರುಳಾಗುತ್ತಾನೆ. ಬಾಳ್ಯಾ ಮೊದಲು ಬೇಡವೆನ್ನುತ್ತಾನೆ, ಆಮೇಲೆ ಒಳಗಾಗುತ್ತಾನೆ. ಪಾರಮ್ಮನೆಂಬ ಮುದುಕಿಯ ಮಧ್ಯಸ್ಥಿಕೆ ನಡೆಯುತ್ತದೆ. ಗಂಗಿ ಮೊದಲು ಸಿಟ್ಟಾಗಿ, ಗಂಡ ವ್ಯಾಪಾರಕ್ಕೆಂದು ಪರಊರಿಗೆ ಹೋದ ಕಾಲದಲ್ಲಿ ಒಪ್ಪುತ್ತಾಳೆ. ವಿಷಯವನ್ನರಿತ ಈರ್ಯಾ ತನ್ನ ಅಣ್ಣತಮ್ಮಂದಿರೊಡನೆ ಸಂಚು ಹೂಡುತ್ತಾನೆ. ಆಸೆಯಿಂದಲೋ ಅಂಜಿಕೆಯಿಂದಲೋ ಬಾಳ್ಯಾ ಗೆಳೆಯನನ್ನು ಅವರ ಕೈಗೊಪ್ಪಿಸುತ್ತಾನೆ, ಸಂಗ್ಯಾ ಹತನಾಗುತ್ತಾನೆ.

ಇದು ಪರನಾರೀ ವ್ಯಾಮೋಹದ ದುಷ್ಫಲವನ್ನು ತೋರಿಸುವ ಆಟವೆಂಬುದು ಸಾಮಾನ್ಯ ಅಭಿಪ್ರಾಯ. ಹಾಗಿದ್ದರೆ ಆಟದ ಹೆಸರು 'ಸಂಗ್ಯಾ-ಗಂಗಿ' ಎಂದಿರಬೇಕಾಗಿತ್ತು. ಜನ ಹಾಗೆ ಕರೆಯಲಿಲ್ಲ. ಪ್ರಣಯಿಗಳನ್ನು ಬಿಟ್ಟು ಗೆಳೆಯರಿಬ್ಬರನ್ನು ಜೋಡಿಸಿ ಹೆಸರಿಟ್ಟರು. ಈ ಹೆಸರಿನಲ್ಲಿಯೇ ಆಟದ ನಿಜವಾದ ವಸ್ತುವಿದೆ. ಹೆಣ್ಣಿಗಾಗಿ ಕೊಲೆಯಾದ ಕಥೆಗಳು ಹಲವು. ಪ್ರೇಕ್ಷಕರನ್ನು ಇರುಳೆಲ್ಲ ಕೂಡಿಸಿದ್ದು, ಜೊತೆಯಾಗಿ ಬೆಳೆದವನು ಹೇಗೆ ಮಾರಾಟವಾದನೆಂಬ ಪ್ರಶ್ನೆ.

ಇವರಿಬ್ಬರನ್ನು ಕೂಡಿಸಿದ್ದು ಯಾವುದು? ಒಂದೇ ಊರಿನವರಾದುದರಿಂದ ಸಾಮೀಪ್ಯವಾದ ಇಲ್ಲಿ ಸಲ್ಲುತ್ತದೆ. ಆದರೆ ಸಾಮೀಪ್ಯವು ಪರಿಚಯವನ್ನು ತರಬಲ್ಲದು. ಒಬ್ಬನನ್ನೇ ಆರಿಸಿಕೊಂಡದ್ದಕ್ಕೆ ಕಾರಣವನ್ನು ಹೇಳಲಾರದು. ಸಾಮ್ಯವಾದವಂತೂ ಸೋಲುತ್ತದೆ, ಸಿರಿವಂತನಿಗೂ ಬಡವನಿಗೂ ಸಾಮ್ಯವೆಲ್ಲಿಯದು? ಕೊರತೆಯ ಕಡೆಯಿಂದ ನೋಡಿದರೆ ಮಾತ್ರ ಈ ಗೆಳೆತನ ಅರ್ಥವಾಗುತ್ತದೆ. ಸಂಗ್ಯಾನಿಗೆ ತನ್ನ ಬಯಕೆಗೆ 'ಹೂಂ' ಎನ್ನುವವನೊಬ್ಬ ಬೇಕಾಗಿದ್ದನು. ಬಾಳ್ಯಾನಿಗೆ ತನ್ನನ್ನು ನಾಲ್ಕು ಜನರ ನಡುವೆ ನಿಲ್ಲಿಸುವ ನೆರಳೊಂದು ಬೇಕಾಗಿತ್ತು. ಬಾಳ್ಯಾ ಮೊದಲು ಆಡಿದ ಎಚ್ಚರಿಕೆಯ ಮಾತು ಗೆಳೆಯನ ಮಾತು. ಆ ಮಾತನ್ನು ಹಿಂದೆಗೆದುಕೊಂಡು ಒಳಗಾದ ಕ್ಷಣದಲ್ಲಿ ಅವನು ಆಳಾದನು. ಅವನ ದ್ರೋಹ ಕೊನೆಯ ಅಂಕದಲ್ಲಿ ಆರಂಭವಾದದ್ದಲ್ಲ. ಒಡೆಯನು ಕೊಟ್ಟದ್ದಕ್ಕೆ ಮೊದಲೊಮ್ಮೆ ತನ್ನ ವಿವೇಕವನ್ನು ಮಾರಿದವನು, ಬೇರೆಯವರು ಕೊಟ್ಟಾಗ ಒಡೆಯನನ್ನೇ ಮಾರಿದನು. ಪ್ರಯೋಜನಕ್ಕಾಗಿ ಕೂಡಿದ ಸ್ನೇಹ ಪ್ರಯೋಜನ ತೀರಿದೊಡನೆ ಕಳಚುವುದೆಂದು ಅರಿಸ್ಟಾಟಲನು ಹೇಳಿದ್ದು ಇಂಥ ಸ್ನೇಹವನ್ನೇ ಕುರಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕರ್ಣನೂ ಹಂಗಿನವನಲ್ಲವೇ? ಪಂಪನ 'ವಿಕ್ರಮಾರ್ಜುನ ವಿಜಯ'ದಲ್ಲಿ (೯೪೧) ದುರ್ಯೋಧನನು ಅವನಿಗೆ ಅಂಗರಾಜ್ಯವನ್ನು ಕೊಡುತ್ತಾನೆ. ಕರ್ಣನ ಸ್ನೇಹವೂ ಪಡೆದುದರಿಂದಲೇ ಆರಂಭವಾಗುತ್ತದೆ. ಆದರೂ ಜನ್ಮರಹಸ್ಯ ತಿಳಿದ ಮೇಲೆ, ರಾಜ್ಯವೇ ಎದುರಿಗೆ ಬಂದು ನಿಂತಾಗಲೂ, ಅವನು ಗೆಳೆಯನನ್ನು ಬಿಡಲಿಲ್ಲ. ಹಂಗು ಒಬ್ಬನನ್ನು ಮಾರಾಟದ ಸರಕಾಗಿಸಿ ಮತ್ತೊಬ್ಬನನ್ನು ಅಚಲನನ್ನಾಗಿಸಿದ್ದು ಹೇಗೆ?

ಕೊಟ್ಟ ವಸ್ತುವಿನ ಸ್ವರೂಪದಲ್ಲಿ ಇದಕ್ಕೆ ಉತ್ತರವಿದೆ. ಅಸ್ತ್ರವಿದ್ಯಾ ಪ್ರದರ್ಶನದ ರಂಗದಲ್ಲಿ ಕುಲದ ಹೆಸರು ಹಿಡಿದು ಹೀಯಾಳಿಸಿದಾಗ ಕರ್ಣನಿಗೆ ಇದ್ದ ಕೊರತೆ ಧನದ್ದಲ್ಲ, ಸಮಾನತೆಯದು. ದುರ್ಯೋಧನನು ಕೊಟ್ಟದ್ದು ಅದನ್ನೇ. ಅಭಿಷಿಕ್ತನಾದ ಮೇಲೆ ಕರ್ಣನು ಅರಸನೊಡನೆ ಅರಸನಾಗಿ ನಿಂತನು. ಆ ಸ್ನೇಹದಲ್ಲಿ ಪುನಃ ಪುನಃ ತನ್ನ ಸ್ಥಾನವನ್ನು ಗಳಿಸಬೇಕಾದ ಅಗತ್ಯ ಅವನಿಗೆ ಉಳಿಯಲಿಲ್ಲ. ಸಂಗ್ಯಾ ಗೆಳೆಯನಿಗೆ ಏನನ್ನು ಕೊಟ್ಟರೂ ಸಮಾನತೆಯನ್ನು ಕೊಡಲಿಲ್ಲ. ಕೊಟ್ಟಷ್ಟೂ ಬಾಳ್ಯಾ ಚಿಕ್ಕವನಾಗುತ್ತ ಹೋದನು. ಒಂದು ಕೊಡುಗೆ ಹಂಗನ್ನು ಕಳೆಯಿತು, ಮತ್ತೊಂದು ಹಂಗನ್ನು ಬೆಳೆಸಿತು. ಮಿತ್ರದ್ರೋಹಿಯೆಂಬ ಒಂದು ಪದದಲ್ಲಿ ಬಾಳ್ಯಾನನ್ನು ಮುಗಿಸಿದರೆ ಸಂಗ್ಯಾನ ಪಾಲು ಲೆಕ್ಕಕ್ಕೇ ಬರುವುದಿಲ್ಲ.

ಗಂಗಿಯ ವಿಷಯದಲ್ಲಿ ಆಟವು ಕೃಪಣವಾಗಿದೆ. ಅವಳ ಸಿಟ್ಟನ್ನು ಹೇಳಿ, ಒಪ್ಪಿಗೆಯನ್ನು ಹೇಳಿ, ನಡುವಣ ದಿನಗಳನ್ನು ಬಿಟ್ಟುಬಿಡುತ್ತದೆ. ಗಂಡನಿಲ್ಲದ ಮನೆಯಲ್ಲಿ ತನ್ನನ್ನು ಬೇಕೆಂದು ಹಟ ಹಿಡಿದವನೊಬ್ಬನಿರುವನೆಂಬ ಅರಿವು ಅವಳನ್ನು ಮಣಿಸಿತೆಂದು ನಾವು ಊಹಿಸಬಹುದು. ಬಯಸಿದವರಿಗೆ ಒಲಿಯುವುದೂ ಒಂದು ಬಗೆಯ ಒಲವೇ. ಆದರೆ ಅವಳ ಬಾಯಿಂದ ಆ ಮಾತು ಬರಲು ಆಟದಲ್ಲಿ ಎಡೆಯಿಲ್ಲ; ಜನ್ನನ ರಾಣಿಗೆ ದೊರೆತ ವಾದದ ಅವಕಾಶ ಬೈಲಹೊಂಗಲದ ವ್ಯಾಪಾರಿಯ ಹೆಂಡತಿಗೆ ದೊರೆಯಲಿಲ್ಲ.

೫

ಮೂರು ಕಥೆಗಳಿಂದ ಹೊರಡುವ ತಾತ್ಪರ್ಯವನ್ನು ಹೀಗೆ ಸಂಗ್ರಹಿಸಬಹುದು. ನೇಮದ ಬಿಗಿಯಲ್ಲಿದ್ದ ರೇಣುಕೆಯನ್ನು ಸೆಳೆದದ್ದು ನಿರಾತಂಕವಾದ ಜೊತೆ. ಆಯ್ಕೆಯಿಲ್ಲದ ಸಮೃದ್ಧಿಯಲ್ಲಿದ್ದ ಅಮೃತಮತಿಯನ್ನು ಸೆಳೆದದ್ದು ತಾನೇ ಕಂಡುಕೊಂಡ ದನಿ. ನಾಲ್ವರ ನಡುವೆ ಸ್ಥಾನವಿಲ್ಲದ ಬಾಳ್ಯಾನನ್ನು ಸೆಳೆದದ್ದು ಸಿರಿವಂತನ ನೆರಳು. ಒಲವಿನ ಕಾರಣವನ್ನು ಗಂಧರ್ವನಲ್ಲಿ, ಮಾವುತನಲ್ಲಿ, ಸಂಗ್ಯಾನಲ್ಲಿ ಹುಡುಕಿದರೆ ಸಿಕ್ಕುವುದು ಅಲ್ಪ. ಒಲಿದವರ ದಿನಚರಿಯಲ್ಲಿ ಹುಡುಕಿದರೆ ಬಹಳಷ್ಟು ಸಿಕ್ಕುತ್ತದೆ. ಭವಭೂತಿ ಹೇಳಿದ ಒಳಗಣ ಕಾರಣವು ಕಾರಣವೇ ಇಲ್ಲವೆಂಬುದಕ್ಕೆ ಪರ್ಯಾಯವಲ್ಲ. ಅದು ಒಳಗಿದೆ, ಆದರೆ ಆ ಒಳಗನ್ನು ರೂಪಿಸಿದ್ದು ಹೊರಗಿನ ಬಾಳು.

ಇದರೊಡನೆ ಇನ್ನೊಂದು ವಿವೇಕವೂ ಅವಶ್ಯ. ಕೂಡಿಸುವ ಕಾರಣವೇ ಉಳಿಸುವ ಕಾರಣವಲ್ಲ. ಕೊರತೆ ಕೂಡಿಸಬಲ್ಲದು, ಕೂಡಿದವರು ಸರಿಸಮಾನರಾಗಿ ನಿಲ್ಲದಿದ್ದರೆ ಆ ಕೂಟ ನಿಲ್ಲದು. ಕರ್ಣ-ದುರ್ಯೋಧನರ ಸ್ನೇಹ ಯುದ್ಧವನ್ನೂ ದಾಟಿ ಉಳಿಯಿತು, ಸಂಗ್ಯಾ-ಬಾಳ್ಯಾರದು ಒಂದು ಸಂಚಿಗೆ ಮುರಿದುಬಿದ್ದಿತು. ಲಾಯದಲ್ಲಿ ಹೊಡೆಸಿಕೊಂಡ ರಾಣಿಯ ಒಲವು ಮುಂದೆ ವಿಷವಾಗಿ ಹರಿಯಿತು. ಅಧ್ಯಾಪಕರು ಈ ಕೃತಿಗಳನ್ನು ಬೋಧಿಸುವಾಗ, ಯಾರು ತಪ್ಪಿದರೆಂಬುದನ್ನು ಹೇಳುವ ಮುನ್ನ ಯಾರಿಗೆ ಏನು ಇರಲಿಲ್ಲವೆಂಬುದನ್ನು ವಿದ್ಯಾರ್ಥಿಗಳೊಡನೆ ಕೂಡಿ ಓದುವುದು ಒಳಿತು. ಪಾತ್ರಗಳನ್ನು ಅರಿಯುವ ದಾರಿಯೂ ಅದೇ. ತಮ್ಮ ಸುತ್ತಲಿನವರನ್ನು ಅರಿಯಲು ವಿದ್ಯಾರ್ಥಿಗಳಿಗೆ ಸಾಹಿತ್ಯವು ಒದಗಿಸುವ ನೆರವೂ ಅದೇ.

ನವಿಲುತೀರ್ಥದ ಬಳಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿಗೆ ರೇಣುಕಾಸಾಗರವೆಂದು ಹೆಸರು. ಮರಳ ಕೊಡದಲ್ಲಿ ನೀರು ನಿಲ್ಲಲಿಲ್ಲವೆಂದು ತಲೆ ಕಳೆದುಕೊಂಡವಳ ಹೆಸರನ್ನೇ ಜನ ಇಷ್ಟು ನೀರಿಗೆ ಇಟ್ಟಿದ್ದಾರೆ. ಪುರಾಣದ ತೀರ್ಪಿಗಿಂತ ಈ ನಾಮಕರಣವು ಅವಳ ವಿಷಯದಲ್ಲಿ ಹೆಚ್ಚು ಉದಾರವಾಗಿದೆ. ನಮ್ಮ ವಿಮರ್ಶೆಯೂ ಅಷ್ಟು ಉದಾರವಾಗುವುದು ಉಚಿತ.